ನಾನು ಬರೆದುಕೊಟ್ಟ ಸಾಕ್ಷಿ

ಇದನ್ನು ಹೇಳುವುದನ್ನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಕ್ರಿಸ್‌ಮಸ್ ಕಳೆಯಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಬರೆಯೋಣ ಅಂದುಕೊಂಡೆ. ಆಮೇಲೆ, ಒಬ್ಬ ತಾಯಿ ಬದುಕಿರುವವರೆಗೆ ಹೇಳುವುದು ಸರಿಯಲ್ಲ ಎಂಬ ಕಾರಣ ಸಿಕ್ಕಿತು. ಅದು ಒಳ್ಳೆಯ ಕಾರಣವಾಗಿತ್ತು; ಅದಕ್ಕೇ ಅದರ ಹಿಂದೆ ಬಹಳ ದಿನ ಅಡಗಿ ಕುಳಿತೆ. ಈಗ ಆ ತಾಯಿ ಇಲ್ಲ. ಕಣ್ಣು ಚೆನ್ನಾಗಿ ಕಾಣುತ್ತದೆ. ಇನ್ನು ಮುಂದೂಡುವುದಿಲ್ಲ.

ನಾನು ಪುಣೆಯ ಒಂದು ಸಣ್ಣ ಕನ್ನಡ ಕ್ರೈಸ್ತ ಸಭೆಯ ಪಾಲಕ. ದೇವರಲ್ಲಿ ನಂಬಿಕೆ ಉಳಿದಿಲ್ಲ ಎಂದು ನನ್ನೊಬ್ಬನಿಗೇ ಗುಟ್ಟಾಗಿ ಹೇಳಿಕೊಂಡ ಒಬ್ಬ ಹೆಣ್ಣುಮಗಳಿಂದ, ದೇವರ ಸನ್ನಿಧಿಯಲ್ಲಿ, ಎಲ್ಲರೆದುರು ಸುಳ್ಳು ಹೇಳಿಸಿದೆ. ಆ ಸುಳ್ಳನ್ನು ನಾಸ್ತಿಕತೆಯ ಮೇಲೆ ಸಿಕ್ಕ ಜಯವೆಂದು ಊರೂರಿಗೆ ಹೋಗಿ ಸಾರಿದೆ. ನಾನು ಮಾಡಿದ ತಪ್ಪು ಇಷ್ಟು. ಅದು ಹೇಗಾಯಿತು ಎನ್ನುವುದನ್ನು ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕು. ಏಕೆಂದರೆ ಆಗುವಾಗ ಅದು ತಪ್ಪಿನ ಹಾಗೆ ಕಾಣಲಿಲ್ಲ. ಸೇವೆಯ ಹಾಗೆ ಕಂಡಿತು.

ನಾನು ಓದಿದ್ದು ಮೆಟ್ರಿಕ್ ತನಕ, ಗದಗಿನಲ್ಲಿ. ಪುಣೆಗೆ ಬಂದು ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಉಕ್ಕನ್ನು ತಿರುಗಿಸಿ ಕಡೆಯುವ ಲೇಥ್ ಮಷಿನ್ ಮೇಲೆ ಮೂವತ್ತು ವರ್ಷ ದುಡಿದೆ. ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದೆ. ನಮ್ಮ ಹಿಂದಿನ ಪಾಲಕರು ತೀರಿಕೊಂಡಾಗ ಸಭೆಯ ಹಿರಿಯರು, ‘ಬ್ಯಾರೆ ಯಾರು ಸಿಗತಾರ, ನೀವ ನಿಲ್ರಿ’ ಎಂದರು. ನಿಂತೆ. ಬಿಬವೇವಾಡಿ ಬಡಾವಣೆಯ ಒಂದು ಶಾಲೆಯ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತೇವೆ. ಒಂದನೆಯ ತರಗತಿಯ ಮಕ್ಕಳ ಬೆಂಚುಗಳು. ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರುತ್ತಾರೆ. ನರ್ಸುಗಳು, ಡ್ರೈವರುಗಳು, ಕಚೇರಿಯ ಕಾರಕೂನರು. ಎಲ್ಲರೂ ಗದಗು, ಹುಬ್ಬಳ್ಳಿ, ವಿಜಯಪುರದ ಕಡೆಯವರು.

ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗ ಹುಡುಗಿಯರು ಬೇರೆ ಥರದ ಪ್ರಶ್ನೆ ಕೇಳತೊಡಗಿದರು. ಮೊದಲೆಲ್ಲ ‘ಸಿನಿಮಾ ನೋಡುವುದು ಪಾಪವೇ’ ಎಂದು ಕೇಳುತ್ತಿದ್ದವರು ಈಗ ‘ದೇವರು ಇದ್ದಾನೆ ಅನ್ನುವುದಕ್ಕೆ ಪುರಾವೆ ಏನು’ ಎಂದು ಕೇಳುತ್ತಿದ್ದರು. ತಂದೆತಾಯಿಯರು ಹೆದರಿದರು. ನಾನು ಹೆದರಲಿಲ್ಲ, ನನಗೆ ಹುರುಪು ಬಂತು. ‘ಈ ಕಾಲದ ಅವಿಶ್ವಾಸಕ್ಕೆ ಉತ್ತರ’ ಎಂದು ವಾರವಾರವೂ ಪ್ರಸಂಗ ಮಾಡಲು ಶುರುಮಾಡಿದೆ. ಕಾರ್ಖಾನೆಯಿಂದ ತಂದಿಟ್ಟುಕೊಂಡಿದ್ದ ಪಂಪಿನ ಉಕ್ಕಿನ ಶಾಫ್ಟ್ ದಂಡವೊಂದನ್ನು ಎತ್ತಿ ಹಿಡಿದು, ‘ಇದು ತಾನಾಗಿಯೇ ತಿರುಗಿ ನುಣುಪಾಯಿತು ಅಂದರೆ ನನ್ನ ಫೋರ್‌ಮನ್ ನಂಬುತ್ತಿದ್ದನೇ? ಹಾಗಾದರೆ ಈ ಕಣ್ಣು, ಈ ಕಿವಿ ತಾನಾಗಿಯೇ ಆಯಿತೆಂದು ನಾನು ಹೇಗೆ ನಂಬಲಿ?’ ಎಂದೆ. ಜನ ತಲೆದೂಗಿದರು. ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರು. ಹುಬ್ಬಳ್ಳಿಯಿಂದ, ಸೊಲ್ಲಾಪುರದಿಂದ ಫೋನುಗಳು ಬಂದವು. ಮೆಟ್ರಿಕ್ ಓದಿದವನು ದೊಡ್ಡ ದೊಡ್ಡ ಓದಿದವರ ಬಾಯಿ ಮುಚ್ಚಿಸಿದ ಎಂದು ನನ್ನ ಬಗ್ಗೆ ನನಗೇ ಅನ್ನಿಸತೊಡಗಿತು.

ಆ ದಿನಗಳಲ್ಲೇ ಆಕೆ ನನ್ನ ಬಳಿ ಬಂದಳು.

ಆಕೆ ಒಂದು ಆಸ್ಪತ್ರೆಯಲ್ಲಿ ನರ್ಸ್. ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಹಾಲ್‌ನಿಂದ ಹತ್ತು ನಿಮಿಷದ ದೂರದಲ್ಲಿ ಎರಡು ಕೋಣೆಯ ಮನೆ. ಹನ್ನೊಂದು ವರ್ಷ ನಮ್ಮ ಸಂಡೇಸ್ಕೂಲಿನ ಮಕ್ಕಳಿಗೆ ಪಾಠ ಹೇಳಿದವಳು. ಒಂದು ಭಾನುವಾರ ಎಲ್ಲರೂ ಚಹಾ ಕುಡಿದು ಹೋದ ಮೇಲೆ ಬೆಂಚು ಸರಿಸುತ್ತಾ ನಿಂತಿದ್ದಳು.

“ಅಯ್ಯನವರ, ಸಂಡೇಸ್ಕೂಲು ಬ್ಯಾರೆಯವರಿಗೆ ಕೊಡ್ರಿ.”

“ಯಾಕವ್ವಾ, ಡ್ಯೂಟಿ ಜಾಸ್ತಿ ಆಗೇದೇನು?”

“ಡ್ಯೂಟಿ ಅಲ್ರಿ.” ಬೆಂಚಿನ ಒಂದು ತುದಿ ಹಿಡಿದುಕೊಂಡೇ ಮಾತಾಡಿದಳು. “ಮಕ್ಕಳಿಗೆ ಹೇಳೂದು ನಾನ ಈಗ ನಂಬೂದಿಲ್ಲ. ಕೊರೊನಾ ಹೊತ್ತಿನ್ಯಾಗ ದಿನಾ ಪಾಳಿಗೆ ಹೋಗೂಕಿಂತ ಮೊದಲ ಒಂದೊಂದು ಬೆಡ್ ನಂಬರ್ ಹೇಳಿ ಪ್ರಾರ್ಥನಾ ಮಾಡ್ತಿದ್ದೆ. ಒಂದಿನ ನೆನಪಾತು, ಒಂದು ವಾರದಿಂದ ಮಾಡೇ ಇಲ್ಲ ಅಂತ. ಏನೂ ಫರಕ್ ಬಿದ್ದಿರಲಿಲ್ರಿ. ಉಳಿಯವರು ಉಳದಿದ್ರು, ಹೋಗವರು ಹೋಗಿದ್ರು. ಆಮ್ಯಾಲೆ ಮಾಡಲಿಲ್ಲ.”

“ನಿನಗ ದೇವರ ಮ್ಯಾಲ ಸಿಟ್ಟು ಬಂದದ.”

“ಇಲ್ರಿ. ಸಿಟ್ಟು ಬರಾಕ ಯಾರರ ಇರಬೇಕಲ್ರಿ.”

ರೋಗಿಯ ಜ್ವರ ಎಷ್ಟಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಅಳಲಿಲ್ಲ, ವಾದ ಮಾಡಲಿಲ್ಲ. ನನಗೆ ಶಾಫ್ಟ್ ನೆನಪಾಯಿತು. ಆದರೆ ಅದನ್ನು ಎತ್ತಿ ಹಿಡಿಯುವ ಜಾಗ ಇದಲ್ಲ ಎಂದು ಆ ಹೊತ್ತಿನಲ್ಲೂ ಗೊತ್ತಾಯಿತು.

“ಮಕ್ಕಳ ಮುಂದ ಸುಳ್ಳು ಹೇಳಾಕ ಆಗೂದಿಲ್ರಿ. ಅಷ್ಟ. ಅವ್ವಗ ಮಾತ್ರ ಗೊತ್ತಾಗೂದು ಬ್ಯಾಡ. ಆಕಿ ಜೋಡಿ ನಾ ಸಭೆಗೆ ಬರ್ತೀನಿ, ಕುಂದರ್ತೀನಿ. ಇದು ನಿಮ್ಮ ಹತ್ರ ಇರ್ಲಿ.”

“ಇರ್ತದವ್ವಾ,” ಎಂದೆ.

ಆ ಗುಟ್ಟು ನನ್ನ ಹತ್ತಿರ ಐದು ವಾರ ಇತ್ತು.

ಅವ್ವ ಎಂದರೆ ಆಕೆಯ ತಾಯಿ. ಸಭೆಯವರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ್ದಳು, ಸಕ್ಕರೆ ಕಾಯಿಲೆಯಿತ್ತು, ನಾಲಿಗೆ ಚುರುಕು. ಮುಂದಿನ ಬೆಂಚಿನಲ್ಲಿ ಕೂರುವವಳು. ನನ್ನ ಪ್ರಸಂಗ ಉದ್ದವಾದರೆ ಬಾಗಿಲಲ್ಲಿ ನಿಲ್ಲಿಸಿ, “ಅಯ್ಯನವರ, ಆ ನಾಸ್ತಿಕರು ಎಲ್ಲೆದಾರೋ ಏನೋ, ಬೈಸಿಕೊಂಡವರು ನಾವು. ಕಾಳು ನೆನಿ ಇಟ್ಟು ಬಂದಿದ್ದೆ, ಮೊಳಕಿ ಒಡದಿರಬೇಕು,” ಎನ್ನುತ್ತಿದ್ದಳು. ಪ್ರಾರ್ಥನೆಗೆ ನಿಂತರೆ ಮಾತ್ರ ಅವಳಷ್ಟು ಹೊತ್ತು ನಿಲ್ಲುವವರು ಯಾರೂ ಇರಲಿಲ್ಲ.

ನಮ್ಮಲ್ಲಿ ಶುಕ್ರವಾರ ಉಪವಾಸ ಪ್ರಾರ್ಥನೆ. ಬೆಳಿಗ್ಗೆಯಿಂದ ಏನೂ ತಿನ್ನದೆ ಹತ್ತಿಪ್ಪತ್ತು ಜನ ನಮ್ಮ ಮನೆಯಲ್ಲಿ ಕೂಡುತ್ತಾರೆ. ಪಾಲಕನು ಪ್ರಾರ್ಥನೆಯ ವಿಷಯಗಳನ್ನು ಒಂದೊಂದಾಗಿ ಹೇಳಬೇಕು: ಇಂಥವರ ಆಪರೇಷನ್, ಇಂಥವರ ಮಗನ ನೌಕರಿ. ಮಾನಕ್ಕೆ ಸಂಬಂಧಿಸಿದ ವಿಷಯವಾದರೆ ಹೆಸರು ಹೇಳುವುದಿಲ್ಲ. ‘ಹೆಸರು ಕರ್ತನಿಗೆ ಗೊತ್ತು’ ಎಂದು ಹೇಳಿ ಮುಂದೆ ಹೋಗುತ್ತೇವೆ. ಇದು ಎಷ್ಟೋ ವರ್ಷದಿಂದ ನಡೆದುಬಂದ ಪದ್ಧತಿ. ನಲವತ್ತು ಮನೆಗಳ ಸಭೆಯಲ್ಲಿ ಹೆಸರು ಹೇಳದಿದ್ದರೂ ಏನನ್ನೂ ಮುಚ್ಚಿಡಲು ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ನನಗೂ ಗೊತ್ತು.

ಆ ಶುಕ್ರವಾರ ನಾನು ಹೇಳಿದೆ: “ನಮ್ಮ ನಡುವೆ ಒಬ್ಬ ಸಹೋದರಿ ಇದ್ದಾಳೆ. ರೋಗಿಗಳ ಸೇವೆ ಮಾಡುವವಳು. ಮಕ್ಕಳಿಗೆ ಕರ್ತನ ಮಾತು ಕಲಿಸಿದವಳು. ಇಂದು ದೇವರೇ ಇಲ್ಲ ಅನ್ನುವ ಸ್ಥಿತಿಗೆ ಬಂದಿದ್ದಾಳೆ. ಹೆಸರು ಕರ್ತನಿಗೆ ಗೊತ್ತು.”

ಹೇಳುವಾಗ ನನಗೆ ಆಕೆಯ ಬಗ್ಗೆ ನಿಜವಾಗಿಯೂ ಮರುಕವಿತ್ತು. ನಾಟಕವಾಡಲಿಲ್ಲ. ಆದರೆ ಭಾನುವಾರದ ಪ್ರಸಂಗಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದಿಲ್ಲ ಎಂಬ ಯೋಚನೆಯೂ ಅದೇ ಹೊತ್ತಿನಲ್ಲಿ ಮನಸ್ಸಿನಲ್ಲಿತ್ತು. ಎರಡೂ ನಿಜ.

ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಅವ್ವನೊಬ್ಬಳಿಗೆ ಬಿಟ್ಟು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಮ್ಮಲ್ಲಿ ಹಲವರು. ಸಂಡೇಸ್ಕೂಲಿಗೆ ಆಗಾಗ ಬಂದು ಸಹಾಯ ಮಾಡಿದವರೂ ಇದ್ದರು. ಅವ್ವ ಅವರಲ್ಲಿ ಯಾರನ್ನು ಅಂದುಕೊಂಡಳೋ. ಮೊಣಕಾಲೂರಿ ಎಲ್ಲರಿಗಿಂತ ಮೊದಲು ದನಿಯೆತ್ತಿ ಪ್ರಾರ್ಥಿಸಿದಳು. “ತಂದೀ, ಆ ಮಗಳನ್ನ ಕೈ ಬಿಡಬ್ಯಾಡ. ಆಕಿ ಹಡದವ್ವ ಎಷ್ಟು ಅಳ್ತಿರಬೇಕು. ಆ ತಾಯಿ ಹೊಟ್ಟಿ ತಣ್ಣಗ ಮಾಡಪ್ಪಾ.” ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದವರು ಕಣ್ಣು ಮುಚ್ಚಿಕೊಳ್ಳುವುದನ್ನು ಮರೆತು ಅವಳನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ತಡೆಯಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಹೆಂಡತಿ ಚಾಪೆ ಸುತ್ತುತ್ತಾ ಕೇಳಿದಳು: “ಪ್ರಾರ್ಥನಾ ಮಾಡಸಿದ್ರೋ, ಡಂಗುರಾ ಹೊಡಸಿದ್ರೋ?”

“ಹೆಸರು ಎಲ್ಲಿ ಹೇಳೀನಿ?”

“ಹೌದ್ರಿ, ಹೆಸರೊಂದು ಹೇಳಲಿಲ್ಲ. ಮನಿ ನಂಬರ್ ಒಂದು ಉಳದದ ನೋಡ್ರಿ.”

ಅಂದು ನಾನು ಹೆಂಡತಿಯ ಮೇಲೆ ಸಿಟ್ಟಾದೆ.

ಅವ್ವನಿಗೆ ಮನೆಗೆ ಹೋಗುವ ರಿಕ್ಷಾದಲ್ಲೇ ಗೊತ್ತಾಯಿತು. ಜೊತೆಗಿದ್ದ ಹೆಣ್ಣುಮಗಳು ಸಮಾಧಾನ ಹೇಳುವ ಧಾಟಿಯಲ್ಲಿ, “ಚಿಂತಿ ಮಾಡಬ್ಯಾಡ್ರಿ ಅವ್ವ, ಹಡದವರ ಪ್ರಾರ್ಥನಾ ಕರ್ತ ಕೇಳ್ತಾನ,” ಎಂದಳಂತೆ. ಅವ್ವ ಅದರ ಬಗ್ಗೆ ಮಗಳ ಬಳಿ ಒಂದು ಮಾತೂ ಆಡಲಿಲ್ಲ. ಬೈಯಲಿಲ್ಲ. ಶನಿವಾರ ಬೆಳಿಗ್ಗೆ ಉಪವಾಸ ಬಿಡಬೇಕಾದವಳು ಬಿಡಲಿಲ್ಲ, ಅಷ್ಟೆ. ಭಾನುವಾರ ಇಬ್ಬರೂ ಸಭೆಗೆ ಬರಲಿಲ್ಲ. ನಾನು ಯೋಚಿಸಿಟ್ಟಿದ್ದ ಪೀಠಿಕೆಯಿಂದಲೇ ಪ್ರಸಂಗ ಮಾಡಿದೆ.

ಸೋಮವಾರ ಬೆಳಿಗ್ಗೆ ಆಕೆ ಪಾಳಿ ಮುಗಿಸಿ ಸೀದಾ ನಮ್ಮ ಮನೆಗೆ ಬಂದಳು. ಚೀಲ ಹೆಗಲ ಮೇಲೇ ಇತ್ತು. ನಾನು ಮಾತು ತಪ್ಪಿದ್ದರ ಬಗ್ಗೆ ಕೇಳುತ್ತಾಳೆ ಎಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅದರ ಸುದ್ದಿಯನ್ನೇ ಎತ್ತಲಿಲ್ಲ.

“ಅವ್ವ ಶುಕ್ರವಾರದಿಂದ ಊಟಾ ಮಾಡಿಲ್ರಿ. ಬರೇ ನೀರು. ಕೇಳಿದ್ರ, ‘ಇದು ನನಗ, ನನ್ನ ಕರ್ತಗ ಬಿಟ್ಟ ಮಾತು’ ಅಂತಾಳ. ಸಕ್ಕರಿ ಗುಳಗಿ ಅರ್ಧಕ್ಕ ಇಳಿಸೀನಿ. ಆದ್ರ ಆಕಿ ಮೈಗೆ ತಡಿಯೂದಿಲ್ರಿ ಇದು. ನಿಮ್ಮ ಮಾತು ಕೇಳ್ತಾಳ. ಒಂದು ಸಲ ಬಂದು ‘ಉಣ್ಣು’ ಅನ್ರಿ.”

ನಾನು ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕಿತ್ತು. ಹತ್ತು ನಿಮಿಷದ ದಾರಿ.

“ಆಕಿ ಕರ್ತನ ಮುಂದ ಹರಕಿ ಹೊತ್ತಾಳವ್ವಾ. ನಾ ಅದರ ನಡುವ ಹೆಂಗ ಬರ್ಲಿ?” ಎಂದೆ. “ಹರಕಿ ಮುಗಿಸೂದು ನಿನ್ನ ಕೈಯಾಗ ಅದ. ಮುಂದಿನ ಕೂಟದಾಗ ಎದ್ದು ನಿಂತು ಸಾಕ್ಷಿ ಹೇಳು. ತಿರಿಗಿ ಬಂದೀನಿ ಅನ್ನು. ಆಕಿ ಉಣ್ತಾಳ.”

ಸಾಕ್ಷಿ ಅಂದರೆ ನಮ್ಮ ಸಭೆಗಳಲ್ಲಿ ದೊಡ್ಡ ಮಾತು. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರೆದುರು ನಿಂತು ತನ್ನ ಬಾಯಿಂದ ತಾನೇ ಹೇಳುವುದು. ಅದರ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಏಕೆಂದರೆ ಯಾರೂ ಅದರಲ್ಲಿ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದೇವೆ.

ಆಕೆ ಹೆಗಲ ಚೀಲ ಇಳಿಸಿ ಕೆಳಗಿಟ್ಟಳು. “ತಿರಿಗಿ ಬಂದಿಲ್ಲಲ್ರಿ ನಾನು.”

“ಹೇಳ್ತಾ ಹೇಳ್ತಾ ಬರ್ತದ.”

“ಏನು ಹೇಳಬೇಕಂತ ನನಗ ತಿಳಿಯೂದಿಲ್ರಿ.”

“ನಾ ಬರದು ಕೊಡ್ತೀನಿ.”

ಹೀಗೆ ಹೇಳಿದವನು ನಾನೇ. ಅಲ್ಲೇ ಕುಳಿತು ಬರೆದೆ. ನನ್ನ ಹೆಂಡತಿ ಒಳಗಿನಿಂದ ಬಂದು, “ಮೊದಲ ಆ ಮುದುಕಿ ಬಾಯಾಗ ಒಂದು ತುತ್ತು ಹಾಕ್ರಿ, ಆಮ್ಯಾಲೆ ಬರೀರಿ,” ಎಂದಳು. ಕೇಳಿಸದವನ ಹಾಗೆ ಬರೆದೆ. ‘ನಾನು ಕತ್ತಲೆಯಲ್ಲಿದ್ದೆ. ಲೋಕದ ಜ್ಞಾನ ನನ್ನನ್ನು ಮೋಸಗೊಳಿಸಿತು. ನನ್ನ ತಾಯಿಯ ಕಣ್ಣೀರಿನ ಮೂಲಕ ಕರ್ತನು ನನ್ನನ್ನು ಮುಟ್ಟಿದನು.’ ಒಂದು ಪುಟ. ಅಕ್ಷರಗಳು ದುಂಡಗೆ ಬಂದಿದ್ದವು.

ಮುಂದಿನ ಭಾನುವಾರದ ತನಕ ಕಾಯಲು ಆಕೆ ಒಪ್ಪಲಿಲ್ಲ. “ಆರು ದಿನ ಉಳಿಯೂದಿಲ್ರಿ ಆಕಿ,” ಎಂದಳು. ಮಂಗಳವಾರ ಸಂಜೆ ಹಾಲ್ ಕೇಳಿ ಪಡೆದು ವಿಶೇಷ ಕೂಟ ಎಂದು ಎಲ್ಲರಿಗೂ ಫೋನ್ ಮಾಡಿಸಿದೆ. ಮೂವತ್ತು ನಲವತ್ತು ಜನ ಬಂದರು. ಅವ್ವನನ್ನು ಇಬ್ಬರು ಹಿಡಿದುಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಆಕೆ ಎದ್ದು ನಿಂತು ಕಾಗದ ಬಿಚ್ಚಿ, ಪಾಳಿ ಬದಲಾಗುವಾಗ ನರ್ಸುಗಳು ಚೀಟಿ ಓದಿ ಒಪ್ಪಿಸುತ್ತಾರಲ್ಲ, ಹಾಗೆ ಮೊದಲಿಂದ ಕೊನೆಯತನಕ ಓದಿದಳು. ಒಂದು ಅಕ್ಷರ ಬಿಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಜನ ಅತ್ತರು. ನಾನು ಎಲ್ಲರಿಗಿಂತ ಜೋರಾಗಿ ಹಲ್ಲೆಲೂಯ ಎಂದೆ. ಓದಿ ಮುಗಿಸಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

“ಇದು ನಿಮ್ದು ರೀ. ನೀವ ಇಟ್ಕೊರ್ರಿ.”

ಕೂಟ ಮುಗಿದ ಮೇಲೆ ಅವಲಕ್ಕಿ ಪೋಹೆ ಹಂಚಿದರು. ಅವ್ವ ಕಾಗದದ ತಟ್ಟೆಯಿಂದ ನಿಧಾನವಾಗಿ ತಿಂದಳು. ಮೊದಲ ತುತ್ತಿಗೆ ಕೆಮ್ಮು ಬಂತು. “ಉಪ್ಪು ಯಾರು ಹಾಕ್ಯಾರ? ಇವರಿಗೂ ಒಂದು ಸಾಕ್ಷಿ ಬೇಕಾಗೇದ,” ಎಂದಳು, ಎಲ್ಲರೂ ನಕ್ಕರು. ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾಯಿ ಅಗಿಯುವುದನ್ನು, ನುಂಗುವುದನ್ನು ನೋಡುತ್ತಿದ್ದಳು. ಅಭಿನಂದಿಸಲು ಬಂದವರ ಕಡೆ ತಿರುಗಲಿಲ್ಲ. ಆ ಮುಖ ನೋಡಿದಾಗ ನಾನು ಏನು ಮಾಡಿದೆ ಎಂಬುದು ನನಗೆ ಪೂರ್ತಿ ಗೊತ್ತಾಯಿತು. ಆಮೇಲೆ ಗೊತ್ತಾಯಿತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಆ ಗಳಿಗೆಯಲ್ಲೇ ಗೊತ್ತಾಯಿತು.

ಆದರೂ ಆ ಕೂಟದ ವಿಡಿಯೋ ಯೂಟ್ಯೂಬಿಗೆ ಹೋಯಿತು. ‘ನಾಸ್ತಿಕಳಾಗಿದ್ದ ನರ್ಸ್ ತಾಯಿಯ ಉಪವಾಸದಿಂದ ತಿರುಗಿ ಬಂದಳು’ ಎಂದು ತಲೆಬರಹ ಕೊಟ್ಟವನೂ ನಾನೇ. ಆಕೆಯನ್ನು ಕೇಳಲಿಲ್ಲ. ನನ್ನ ಉಳಿದ ಪ್ರಸಂಗಗಳಿಗಿಂತ ಬಹಳ ಹೆಚ್ಚು ಜನ ಅದನ್ನು ನೋಡಿದರು. ಬೇರೆ ಬೇರೆ ಊರಿನ ಸಭೆಗಳು ನನ್ನನ್ನು ಕರೆಸಿಕೊಂಡವು. ಹೋದಲ್ಲೆಲ್ಲ ಅವಿಶ್ವಾಸಕ್ಕೆ ಉತ್ತರ ಎಂದು ಈ ಕತೆ ಹೇಳಿದೆ. ಶಾಫ್ಟ್ ಒಯ್ಯುವುದನ್ನು ಬಿಟ್ಟೆ. ಅದರ ಅಗತ್ಯ ಬೀಳಲಿಲ್ಲ. ಹೇಳುತ್ತ ಹೇಳುತ್ತ ಕತೆಗೆ ನಾನೂ ಒಂದೆರಡು ವಿವರ ಸೇರಿಸಿದೆ. ಆಕೆ ಓದುವಾಗ ಕಣ್ಣೀರಿಟ್ಟಳು ಎಂದೆ. ಇಟ್ಟಿರಲಿಲ್ಲ.

ಆಕೆ ಪ್ರತಿ ಭಾನುವಾರ ಅವ್ವನನ್ನು ಕರೆತಂದು ಕೂರಿಸಿ ಪಕ್ಕದಲ್ಲಿ ಕೂರುತ್ತಿದ್ದಳು. ನನಗೆ “ವಂದನೆ ರೀ” ಎನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಒಮ್ಮೆಯೂ ಕಟುವಾಗಿ ಮಾತಾಡಲಿಲ್ಲ. ಹಾಗೆ ಸುಮಾರು ಮೂರು ವರ್ಷ.

ಅವ್ವ ತೀರಿಕೊಂಡಳು. ಉಪವಾಸದಿಂದಲ್ಲ, ವಯಸ್ಸಾಗಿತ್ತು, ಹೃದಯ ನಿಂತಿತು. ಸಮಾಧಿ ಸಂಸ್ಕಾರ ನಾನೇ ನಡೆಸಿದೆ. ಮಣ್ಣು ಹಾಕಿ ಎಲ್ಲರೂ ಚದುರುತ್ತಿದ್ದಾಗ ಆಕೆ ಹತ್ತಿರ ಬಂದಳು.

“ಅಯ್ಯನವರ, ಇನ್ನ ನಾ ಬರೂದಿಲ್ರಿ. ಅವ್ವನ ಸಲುವಾಗಿ ಬರ್ತಿದ್ದೆ. ಹೇಳಿ ಹೋಗೂಣು ಅಂತ ಬಂದೆ.”

ಅದು ನಾನು ಮಾತಾಡಬೇಕಾದ ಗಳಿಗೆ. ನನ್ನ ಬಾಯಿಂದ ಬಂದದ್ದು, “ಪ್ರಾರ್ಥನಾ ಮಾಡೂಣವ್ವಾ.” ಕಣ್ಣು ಮುಚ್ಚಿದೆ. ಸಾಂತ್ವನ, ಸ್ವರ್ಗ, ಮತ್ತೆ ಭೇಟಿ ಎಂದು ಉದ್ದಕ್ಕೆ ಪ್ರಾರ್ಥಿಸಿದೆ. ಕಣ್ಣು ತೆರೆದಾಗ ಆಕೆ ಗೇಟಿನ ಹತ್ತಿರ ಹೋಗಿಬಿಟ್ಟಿದ್ದಳು. ಗೋರಿ ಅಗೆಯುವವನು ಹಾರೆ ಹಿಡಿದು ನನ್ನೆದುರು ನಿಂತಿದ್ದ. “ಆಮೆನ್, ಬಾಬಾ,” ಎಂದ, ಮರ್ಯಾದೆಗೆ.

ಅಷ್ಟಾದರೂ ನಾನು ಸುಮ್ಮನಿದ್ದೆ. ಎದ್ದು ಕೂರುವಂತೆ ಮಾಡಿದ್ದು ಹೋದ ತಿಂಗಳು ಪುಣೆ ಹತ್ತಿರದ ಭೋರ್ ಎಂಬ ಊರಿನಿಂದ ಬಂದ ಒಂದು ಫೋನು. ಅಲ್ಲಿ ನಮ್ಮ ಕನ್ನಡದ ಒಂದು ಕ್ರೈಸ್ತ ಕುಟುಂಬವಿದೆ. ಯಜಮಾನರು ಅಲ್ಲಿ ಸರ್ಕಾರಿ ನೌಕರರು. ಸಂತೋಷದ ದನಿಯಲ್ಲೇ ಮಾತಾಡಿದರು.

“ಅಯ್ಯನವರ, ನಮ್ಮ ಮಗ ಎಂಜಿನಿಯರಿಂಗ್ ಓದಕೋತ ದೇವರಿಲ್ಲ ಅನ್ನಾಕ ಹತ್ತ್ಯಾನ್ರಿ. ನಿಮ್ಮ ವಿಡಿಯೋ ನೋಡಿದ್ವಿ. ಅದರಂಗ ನಮ್ಮ ಮನಿಯಾಕಿ ಉಪವಾಸ ಹಿಡದಾಳ. ಇವತ್ತಿಗೆ ನಾಕ ದಿನ. ಅಂವಾ ಇನ್ನೂ ಬಗ್ಗವಲ್ಲ. ಆ ನರ್ಸ್ ಸಿಸ್ಟರ್ ನಂಬರ್ ಕೊಡ್ರಿ, ಅಂವಗ ಒಂದೆರಡು ಮಾತು ಹೇಳ್ಲಿ.”

ಫೋನ್ ಇಟ್ಟು ಚಪ್ಪಲಿ ಮೆಟ್ಟಿಕೊಂಡೆ. ಸ್ವಾರಗೇಟ್ ನಿಲ್ದಾಣದಲ್ಲಿ ಎಸ್‌ಟಿ ಬಸ್ಸು ಹಿಡಿದು ಭೋರ್‌ಗೆ ಹೋದೆ. ಮನೆಯೊಳಗೆ ಕಾಲಿಟ್ಟಾಗ ಆ ತಾಯಿ ಗೋಡೆಗೆ ಒರಗಿ ಕೂತಿದ್ದಳು, ತುಟಿ ಒಣಗಿತ್ತು. ಮಗ ಇನ್ನೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದ, ಆದರೆ ನೋಡುತ್ತಿರಲಿಲ್ಲ. ಅವನೂ ಉಂಡ ಹಾಗೆ ಕಾಣಲಿಲ್ಲ.

“ಊಟಾ ಮಾಡು ತಂಗಿ,” ಎಂದೆ.

“ನೀವ ಹಿಂಗಂದ್ರ ಹೆಂಗ್ರಿ? ಆ ಅವ್ವ ಬಿಟ್ಟಿದ್ದಿಲ್ಲಲ್ರಿ. ಆಕಿ ಮಗಳು ತಿರಿಗಿ ಬಂದಳಲ್ಲ.”

“ಬಂದಿದ್ದಿಲ್ಲ. ಆ ಸಾಕ್ಷಿ ನಾ ಬರದು ಕೊಟ್ಟಿದ್ದು. ತಾಯಿ ಸಾಯಬಾರದು ಅಂತ ಆಕಿ ಓದಿದಳು. ನಾ ಗೊತ್ತಿದ್ದೂ ಓದಿಸಿದೆ.”

ಮೂರು ವರ್ಷ ಹೇಳಲಾಗದ್ದು ಒಂದು ಉಸಿರಿನಲ್ಲಿ ಮುಗಿಯಿತು. ಯಜಮಾನರು ಕುರ್ಚಿಯಿಂದ ಎದ್ದರು. “ಮತ್ತ ಆ ವಿಡಿಯೋ? ಎಷ್ಟು ಮಂದಿಗೆ ಕಳಿಸೀನಿ ನಾನು!” ಎಂದರು. ಆ ತಾಯಿ ಅಳತೊಡಗಿದಳು. ಮಗ ಎದ್ದು ಒಳಗೆ ಹೋಗಿ ಮಜ್ಜಿಗೆಯಲ್ಲಿ ಅನ್ನ ಕಿವುಚಿ ತಂದು ತಾಯಿಯ ಮುಂದಿಟ್ಟ. ಆಕೆ ತಿಂದಳು.

ಹೊರಡುವಾಗ ಮಗ ಬಸ್‌ಸ್ಟ್ಯಾಂಡ್ ತನಕ ಬಂದ.

“ಅಂಕಲ್, ಇಷ್ಟೆಲ್ಲಾ ಆದ ಮ್ಯಾಲೂ ದೇವರಿದ್ದಾನ ಅಂತ ನಂಬ್ತೀರೇನ್ರಿ ನೀವು?”

“ನಂಬ್ತೀನಿ.”

“ಯಾಕ್ರಿ?”

“ಆ ಕಾಗದಾ ನಾ ಬರದದ್ದು ಮೂರು ಮಂದಿ ಬಿಟ್ಟರ ಯಾರಿಗೂ ಗೊತ್ತಿದ್ದಿಲ್ಲ. ಯಾರೂ ಕೇಳೂ ಹಂಗೂ ಇದ್ದಿಲ್ಲ. ಆದ್ರೂ ಮೂರು ವರ್ಷ ಯಾರೋ ನನ್ನ ಬೆನ್ನ ಹಿಂದ ನಿಂತು ನೋಡಿದಂಗ ಇತ್ತು.”

“ಅದಕ್ಕ ಮನಸ್ಸಾಕ್ಷಿ ಅಂತಾರ್ರಿ.”

“ಇರಬಹುದಪ್ಪಾ,” ಎಂದೆ.

ಅವನು ನಕ್ಕ, ನಾನೂ ನಕ್ಕೆ. ಅವನಿಗೆ ಇನ್ನೂ ಏನಾದರೂ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ದೇವರಿದ್ದಾನೆ ಎಂದು ನಾನು ಇಂದೂ ನಂಬುತ್ತೇನೆ. ಅದರಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಆದರೆ ಇಲ್ಲ ಎನ್ನುವವರನ್ನು ಸೋಲಿಸುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ತೆಗೆದುಕೊಂಡದ್ದು ಅದು. ಆಕೆ ಬೆಂಚಿನ ತುದಿ ಹಿಡಿದು ಹೇಳಿದ ಮಾತಿನಲ್ಲಿ ನಿಜವಿತ್ತು. ನಾನು ನಂಬುವ ದೇವರಿಗೆ ನಿಜ ಬೇಕು ಎಂದು ಐವತ್ತು ವರ್ಷದಿಂದ ಹೇಳುತ್ತ ಬಂದವನು, ಅದನ್ನು ತಂದುಕೊಟ್ಟವಳ ಕೈಯಿಂದ ಕಸಿದುಕೊಂಡು ಬದಲಿಗೆ ನನ್ನ ದುಂಡು ಅಕ್ಷರ ಇಟ್ಟೆ. ಈ ಕಾಲ ಕೆಟ್ಟಿದೆ, ಮೊಬೈಲು ಮಕ್ಕಳನ್ನು ಕೆಡಿಸಿದೆ ಎಂದು ಎಷ್ಟು ಪ್ರಸಂಗ ಮಾಡಿದ್ದೇನೋ. ಆ ಮೊಬೈಲಿನಲ್ಲಿ ಭೋರ್ ತನಕ ಸುಳ್ಳು ಕಳಿಸಿದವನು ಯಾವ ನಾಸ್ತಿಕನೂ ಅಲ್ಲ.

ಮನೆಗೆ ಬಂದು ವಿಡಿಯೋ ತೆಗೆಸಿದೆ. ಭಾನುವಾರ ಸಭೆಯ ಮುಂದೆ ಎಲ್ಲ ಹೇಳಿಬಿಡುತ್ತೇನೆ, ಪಾಲಕನ ಸ್ಥಾನ ಬಿಡುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಹಗುರವಾದ ಹಾಗಾಗಿತ್ತು. ಅವಳು ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

“ಆಕಿನ್ನ ಕೇಳೀರೇನು?”

“ಇದು ನನ್ನ ತಪ್ಪು. ನನ್ನ ತಪ್ಪು ನಾ ಹೇಳಾಕ...”

“ನಿಮ್ಮ ತಪ್ಪಿನ ನಡುವ ಆಕಿ ನಿಂತಾಳಲ್ರಿ. ಆಕಿ ನಂಬೂದಿಲ್ಲ ಅನ್ನೂದು ಮೊದಲ ಸಲ ಆಕಿನ್ನ ಕೇಳದ ಮಂದಿ ಮುಂದ ಹೇಳಿದ್ರಿ. ಭೋರ್‌ದಾಗ ಎರಡನೇ ಸಲ ಹೇಳಿದ್ರಿ, ಅಲ್ಲಿ ಜೀವದ ಪ್ರಶ್ನಿ ಇತ್ತು, ಹೋಗ್ಲಿ. ಈಗ ಪಶ್ಚಾತ್ತಾಪಾ ಅಂತ ಮೂರನೇ ಸಲ ಹೇಳ್ತೀರಿ. ಮತ್ತ ಹೆಸರು ಕರ್ತಗ ಗೊತ್ತದ ಅಂತೀರೇನು?”

ತಪ್ಪೊಪ್ಪಿಕೊಳ್ಳುವುದರಲ್ಲೂ ನಾನು ಅದೇ ತಪ್ಪನ್ನು ಮಾಡಲು ಹೊರಟಿದ್ದೆ.

ಆದ್ದರಿಂದ ಭಾನುವಾರ ಏನೂ ಹೇಳಲಿಲ್ಲ. ಅದರ ಬದಲು ಇದನ್ನು ಬರೆಯಲು ಕುಳಿತೆ. ಇದನ್ನು ಮೊದಲು ಓದಬೇಕಾದವಳು ಆಕೆ. ಹರಿದುಹಾಕಿ ಎಂದರೆ ಹರಿದುಹಾಕುತ್ತೇನೆ. ಇದು ಅಚ್ಚಾಗಿ ನಿಮ್ಮ ಕೈಗೆ ಬಂದಿದ್ದರೆ ಆಕೆ ಒಪ್ಪಿದ್ದಾಳೆ ಎಂದಷ್ಟೇ ಅರ್ಥ. ಕ್ಷಮಿಸಿದ್ದಾಳೆ ಎಂದು ತಿಳಿಯಬೇಡಿ. ಆಕೆ ಒಪ್ಪಿದ ಮೇಲೆಯೇ ಸಭೆಯ ಮುಂದೆ ನಿಲ್ಲುತ್ತೇನೆ. ಆಕೆ ಬೇಡವೆಂದರೂ ಪಾಲಕನ ಸ್ಥಾನ ಬಿಡುತ್ತೇನೆ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದ್ದೇನೆ. ಈ ವಾರ ಆಕೆಗೆ ಬೆಳಗಿನ ಪಾಳಿ, ಮಧ್ಯಾಹ್ನ ಮೂರಕ್ಕೆ ಬಿಡುಗಡೆ. ನಾಳೆ ನಾಲ್ಕಕ್ಕೆ ಆಕೆಯ ಮನೆಯ ಬಾಗಿಲಲ್ಲಿ ಇರುತ್ತೇನೆ. ‘ತಪ್ಪಾಯಿತು’ ಎಂದ ಮೇಲೆ ‘ಪ್ರಾರ್ಥನೆ ಮಾಡೋಣ’ ಎನ್ನುವುದಿಲ್ಲ. ಹಾಗೆ ಅಂದರೆ ಎದುರಿನವರ ಬಾಯಿ ಮುಚ್ಚುತ್ತದೆ, ನನ್ನ ಕಣ್ಣೂ ಮುಚ್ಚುತ್ತದೆ. ಆಕೆ ಏನು ಹೇಳುತ್ತಾಳೋ ಅದನ್ನು ಕಣ್ಣು ತೆರೆದುಕೊಂಡು ಕೇಳುತ್ತೇನೆ. ಬಾಗಿಲು ತೆರೆಯದಿದ್ದರೆ ಮರುದಿನ ಹೋಗುತ್ತೇನೆ; ಬರಬೇಡಿ ಎಂದರೆ ಆ ಮಾತನ್ನಾದರೂ ಈ ಸಲ ಪಾಲಿಸುತ್ತೇನೆ.

ದೇವರ ಬಳಿ ದಿನವೂ ಕ್ಷಮೆ ಕೇಳಿದ್ದೇನೆ. ಅದು ಸುಲಭ, ಆತನ ಮುಖ ಕಾಣುವುದಿಲ್ಲ. ಭೋರ್‌ನ ಕುಟುಂಬದವರ ಬಳಿ ಕೇಳಿದೆ. ಹೆಂಡತಿಯ ಬಳಿ ಕೇಳಿದೆ. ಅವ್ವನ ಗೋರಿಯ ಬಳಿ ನಿಂತೂ ಕೇಳಿ ಬಂದಿದ್ದೇನೆ. ಇದುವರೆಗೆ ಕೇಳದೆ ಉಳಿದವಳು ಒಬ್ಬಳೇ: ಮಕ್ಕಳ ಮುಂದೆ ಸುಳ್ಳು ಹೇಳಲಾರೆ ಎಂದು ನನ್ನ ಬಳಿ ಬಂದ ನಮ್ಮ ಸಂಡೇಸ್ಕೂಲ್ ಟೀಚರ್, ಬಿಬವೇವಾಡಿಯ ಆ ನರ್ಸ್, ಅವ್ವನ ಮಗಳು.